ಮೆಟ್ರೊ ಬಂತು, ಬಾಡಿಗೆ ಸೈಕಲ್ ಎಲ್ಲಿ ಹೋಯಿತು? ಪುಣೆ ಕಲಿಸುವ ಪಾಠ

ಮೆಟ್ರೊ ನಿಲ್ದಾಣದಿಂದ ಕಚೇರಿಗೆ ಒಂದೂವರೆ ಕಿಲೋಮೀಟರ್. ನಡೆದರೆ ಇಪ್ಪತ್ತು ನಿಮಿಷ, ಸೈಕಲ್ ತುಳಿದರೆ ಏಳೆಂಟು ನಿಮಿಷ. ಆಟೊ ಹತ್ತಿದರೆ ಮೆಟ್ರೊ ಟಿಕೆಟ್ಟಿಗಿಂತ ಹೆಚ್ಚು ಖರ್ಚಾದರೂ ಅಚ್ಚರಿಯಿಲ್ಲ. ಮಹಾನಗರಗಳಲ್ಲಿ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಈ ಲೆಕ್ಕ ಬಾಯಿಪಾಠ.

ಈ ಕೊನೆಯ ಒಂದೆರಡು ಕಿಲೋಮೀಟರ್‌ಗೆ ಪರಿಹಾರವೆಂದು 2017-18ರಲ್ಲಿ ಪುಣೆ, ಹೈದರಾಬಾದ್, ದೆಹಲಿ, ಬೆಂಗಳೂರಿನ ರಸ್ತೆಗಳಿಗೆ ಬಾಡಿಗೆ ಸೈಕಲ್‌ಗಳು ಬಂದವು. ಆ ಅಲೆ ಹೆಚ್ಚು ಕಾಲ ನಿಲ್ಲಲಿಲ್ಲ. ನಮ್ಮ ಜನ ಸೈಕಲ್ ತುಳಿಯುವುದಿಲ್ಲ ಎಂಬುದು ಇದಕ್ಕೆ ಸುಲಭದ ಉತ್ತರ. ಆದರೆ ಪುಣೆಯಲ್ಲಿ ನಡೆದದ್ದನ್ನು ನೋಡಿದರೆ ಆ ಉತ್ತರ ಸಾಲದು.

ಮೊದಲು ಸೈಕಲ್, ಆಮೇಲೆ ಮೆಟ್ರೊ

ಒಂದು ಕಾಲಕ್ಕೆ ಸೈಕಲ್‌ಗಳ ನಗರ ಎಂದೇ ಹೆಸರಾಗಿದ್ದ ಪುಣೆಯಲ್ಲಿ ಯೋಜನೆ ಶುರುವಾಗಿದ್ದು 2017ರ ಡಿಸೆಂಬರ್‌ನಲ್ಲಿ, ಔಂಧ್ ಪ್ರದೇಶ ಮತ್ತು ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಆವರಣದಲ್ಲಿ. ಮೊದಲು ಝೂಮ್‌ಕಾರ್‌ನ ಪೆಡ್ಲ್ ಬಂತು. ಅದರ ಬೆನ್ನಿಗೇ ಚೀನಾದ ಓಫೊ, ಮೊಬೈಕ್ ಮತ್ತು ಬೆಂಗಳೂರಿನ ಯುಲು ಬಂದವು. ಮೊಬೈಲ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೀಗ ತೆರೆಯುತ್ತಿತ್ತು. ನಗರದಾದ್ಯಂತ 800 ಕಿ.ಮೀ.ಗೂ ಹೆಚ್ಚು ಉದ್ದದ ಸೈಕಲ್ ಪಥ ಜಾಲದ ಯೋಜನೆಗೆ ಪಾಲಿಕೆ ಒಪ್ಪಿಗೆ ಕೊಟ್ಟದ್ದೂ ಅದೇ ತಿಂಗಳು.

ಆದರೆ ಪಥಗಳು ಬಹುಪಾಲು ಕಾಗದದಲ್ಲೇ ಇದ್ದಾಗ ಸೈಕಲ್‌ಗಳು ರಸ್ತೆಗಿಳಿದಿದ್ದವು. 2018ರಲ್ಲೇ ಓಫೊ ಭಾರತ ಬಿಟ್ಟು ಹೋಯಿತು. ಮೊಬೈಕ್ ಮತ್ತು ಪೆಡ್ಲ್ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. ಪುಣೆ ಮೆಟ್ರೊದ ಮೊದಲ ಹಂತ ಉದ್ಘಾಟನೆಯಾದದ್ದು 2022ರ ಮಾರ್ಚ್ 6ರಂದು. ಅಂದರೆ ಮೆಟ್ರೊ ಪ್ರಯಾಣಿಕರನ್ನು ಕಚೇರಿಗೆ ಮುಟ್ಟಿಸಬಹುದಾಗಿದ್ದ ಸೈಕಲ್‌ಗಳು ಮೆಟ್ರೊ ಬರುವ ಮೊದಲೇ ಬಂದು, ಅದು ಬರುವ ಹೊತ್ತಿಗೆ ಮಾಯವಾಗಿದ್ದವು.

ಹೊಂದದ ಲೆಕ್ಕ

ಒಂದು ಸೈಕಲ್ ದಿನಕ್ಕೆ ನಾಲ್ಕು ಸವಾರಿ ಕಂಡು, ಸವಾರಿಗೆ ಐದು ರೂಪಾಯಿ ಸಿಕ್ಕಿತು ಎಂದುಕೊಳ್ಳೋಣ. ಸಿಗುವುದು ಇಪ್ಪತ್ತು ರೂಪಾಯಿ. ಇದರಲ್ಲೇ ಪಂಕ್ಚರ್, ಬ್ರೇಕ್, ಜಿಪಿಎಸ್ ಬೀಗ, ಕಳವು, ಸಿಬ್ಬಂದಿ ಸಂಬಳ ಎಲ್ಲವೂ ಆಗಬೇಕು. ದರ ಏರಿಸಿದರೆ ಗ್ರಾಹಕ ಶೇರ್ ಆಟೊ ಹತ್ತುತ್ತಾನೆ.

ಇದಕ್ಕಿಂತ ದೊಡ್ಡ ಖರ್ಚು ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಎಲ್ಲರೂ ನಿಲ್ದಾಣದಿಂದ ಕಚೇರಿಯತ್ತ ಹೋಗುವವರೇ. ಒಂಬತ್ತೂವರೆಗೆ ಬಂದವನಿಗೆ ನಿಲ್ದಾಣದಲ್ಲಿ ಸೈಕಲ್ ಇರುವುದಿಲ್ಲ, ಕಚೇರಿಯ ಮುಂದೆ ರಾಶಿ ಬಿದ್ದಿರುತ್ತದೆ. ಅವುಗಳನ್ನು ಟೆಂಪೊದಲ್ಲಿ ಹೇರಿ ಮತ್ತೆ ನಿಲ್ದಾಣಕ್ಕೆ ತರಬೇಕು, ಅದೂ ದಿನಾ. ಎರಡು ದಿನ ಸೈಕಲ್ ಸಿಗದಿದ್ದರೆ ಮೂರನೇ ದಿನ ಯಾರೂ ಅದನ್ನು ನಂಬಿ ಮನೆಯಿಂದ ಹೊರಡುವುದಿಲ್ಲ.

ಸಿಟಿ ಬಸ್ಸಿನ ನಷ್ಟವನ್ನು ಪಾಲಿಕೆಗಳು ತುಂಬಿಕೊಡುತ್ತವೆ, ಅದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ. ಸೈಕಲ್ ಮಾತ್ರ ತನ್ನ ಅನ್ನ ತಾನೇ ದುಡಿದುಕೊಳ್ಳಬೇಕು ಎಂದು ನಿರೀಕ್ಷಿಸಲಾಯಿತು. ಹೂಡಿಕೆದಾರರ ಹಣ ಇರುವಷ್ಟು ದಿನ ಅದು ಓಡಿತು.

ಮೈಸೂರಿನ ದಾರಿ

ಪುಣೆಗಿಂತ ಆರು ತಿಂಗಳು ಮೊದಲು, 2017ರ ಜೂನ್‌ನಲ್ಲಿ, ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಆರಂಭವಾಗಿತ್ತು. 450 ಸೈಕಲ್, 48 ನಿಲ್ದಾಣ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನ ಜೊತೆ ಸರ್ಕಾರದ ಹಣವೂ ಸೇರಿತ್ತು. ಸೈಕಲ್ ಎಲ್ಲಿ ಸಿಗುತ್ತದೆ, ಎಲ್ಲಿ ಬಿಡಬೇಕು ಎಂಬುದು ನಿಗದಿಯಾಗಿತ್ತು. ಹಳೆಯ ಸೈಕಲ್, ರಿಪೇರಿಯ ದೂರುಗಳು ಅಲ್ಲಿಯೂ ಇದ್ದವು. ಆದರೂ ಪುಣೆಯಿಂದ ಕಂಪನಿಗಳು ಹೊರನಡೆದ ಮೇಲೂ ಮೈಸೂರಿನದು ವರ್ಷಗಟ್ಟಲೆ ನಡೆಯಿತು. ಮೈಸೂರು ಚಿಕ್ಕದು, ಅದನ್ನು ಹಾಗೇ ಮಹಾನಗರಕ್ಕೆ ತಂದಿಡಲಾಗದು ನಿಜ. ಆದರೆ ಯೋಜನೆ ತನ್ನದು ಎಂದು ಒಂದು ನಗರ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಈಗಿನ ಸವಾರ ಯಾರು?

ಉಳಿದುಕೊಂಡ ಯುಲು ಬದಲಾಗಿದೆ. 2019ರಲ್ಲಿ ಬಜಾಜ್ ಆಟೊ ಅದರಲ್ಲಿ 80 ಲಕ್ಷ ಡಾಲರ್ ಹೂಡಿತು. ಪೆಡಲ್ ಹೋಗಿ ಬ್ಯಾಟರಿ ಬಂತು. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್‌ನೊಳಗಿನ ಇಂಥ ವಾಹನಗಳಿಗೆ ಲೈಸೆನ್ಸ್ ಬೇಕಿಲ್ಲ. ಇಂದು ಅವುಗಳ ಮೇಲೆ ಹೆಚ್ಚಾಗಿ ಕಾಣುವುದು ಕಚೇರಿಗೆ ಹೋಗುವವರಲ್ಲ, ಬೆನ್ನಿಗೆ ಬ್ಯಾಗ್ ಹೊತ್ತ ಡೆಲಿವರಿ ಹುಡುಗರು. ಒಂದೂವರೆ ಕಿಲೋಮೀಟರ್‌ಗೆಂದು ಬಂದ ಗಾಡಿ ಹತ್ತು ಗಂಟೆಯ ದುಡಿಮೆಗೆ ಬಾಡಿಗೆಯಾಗುತ್ತಿದೆ, ಏಕೆಂದರೆ ಲೆಕ್ಕ ಹೊಂದುವುದು ಅಲ್ಲಿ ಮಾತ್ರ.

2011ರ ಜನಗಣತಿಯ ಪ್ರಕಾರ ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ದುಡಿಯುವವರಲ್ಲಿ ಶೇ 13ರಷ್ಟು ಜನ ಸೈಕಲ್ ಮೇಲೆಯೇ ಕೆಲಸಕ್ಕೆ ಹೋಗುತ್ತಿದ್ದರು. ವಾಚ್‌ಮನ್, ಗಾರೆ ಕೆಲಸದವರು, ಕಾರ್ಖಾನೆ ಕಾರ್ಮಿಕರು ಆ್ಯಪ್ ಬರುವ ಮೊದಲೂ ತುಳಿಯುತ್ತಿದ್ದರು. ಸುರಕ್ಷಿತ ಪಥ ಬೇಕಿರುವುದು ಐಟಿ ಉದ್ಯೋಗಿಗೆ ಮಾತ್ರವಲ್ಲ, ಇವರೆಲ್ಲರಿಗೂ.

ಹಿಂಜವಡಿ ಐಟಿ ಪಾರ್ಕನ್ನು ಶಿವಾಜಿನಗರಕ್ಕೆ ಜೋಡಿಸಲೆಂದು ರೂಪಿಸಿದ 23 ಕಿ.ಮೀ. ಮೆಟ್ರೊ ಮಾರ್ಗದಲ್ಲಿ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ಅಲ್ಲಿ ಇಳಿದವರು ಕಂಪನಿ ಗೇಟ್ ತಲುಪುವುದು ಹೇಗೆ? ಮತ್ತೊಂದು ಆ್ಯಪ್ ಬಿಡುಗಡೆಯಾದರೆ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ನೋಡಬೇಕಾದದ್ದು ಪಾಲಿಕೆಯ ಬಜೆಟ್ಟನ್ನು: ಸೈಕಲ್ ರಿಪೇರಿಗೆ, ಅವನ್ನು ಸಾಗಿಸುವ ಟೆಂಪೊಗೆ, ಪಥದ ಮೇಲೆ ನಿಂತ ಕಾರುಗಳನ್ನು ಎತ್ತಿಸಲು ಅದರಲ್ಲಿ ಹಣ ಇದೆಯೇ? ಇಲ್ಲದಿದ್ದರೆ ಬಾಡಿಗೆ ಸೈಕಲ್ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಆ ಒಂದೂವರೆ ಕಿಲೋಮೀಟರ್ ಮಾತ್ರ ಅಲ್ಲೇ ಇರುತ್ತದೆ.