ಒಂದೇ ಬೀದಿಗೆ ಮೂರು ಅಗೆತ

ಕಾರ್ಮಿಕನ ಕೂಲಿ ಇಂದು ಬ್ಯಾಂಕಿನ ಮೂಲಕ ಬರುತ್ತದೆ. ಚಿಲ್ಲರೆ ಅಂಗಡಿಯವನ ಗಲ್ಲಾದ ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿದೆ. ಮೊಬೈಲ್ ನಿಂತರೆ ವ್ಯಾಪಾರವೂ ನಿಂತಿತು. ಆದುದರಿಂದ ಮೊಬೈಲ್ ಟವರಿನ ಹಿಂದಿರುವ ವ್ಯವಸ್ಥೆಯನ್ನು ಕುರಿತು ಎರಡು ಮಾತು ಹೇಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಟವರು ತಾನೊಂದೇ ಮಾತನ್ನು ಊರಿಂದೂರಿಗೆ ಒಯ್ಯಲಾರದು. ನಮ್ಮ ಫೋನಿನಿಂದ ಬಂದುದನ್ನು ಅದು ನೆಲದಡಿಯ ಗಾಜಿನೆಳೆಯ ಕೇಬಲ್ಲಿಗೋ, ಮೈಕ್ರೋವೇವ್ ಸಂಪರ್ಕಕ್ಕೋ ಒಪ್ಪಿಸುತ್ತದೆ. ಇದಕ್ಕೆ ‘ಬ್ಯಾಕ್‌ಹಾಲ್’ ಎಂದು ಹೆಸರು. ಕೆರೆ ತುಂಬಿದ್ದರೂ ಕಾಲುವೆ ಕಿರಿದಾದರೆ ಗದ್ದೆ ಒಣಗುವಂತೆ, ಇದು ಸಾಲದಾದರೆ ಟವರಿದ್ದೂ ವ್ಯರ್ಥ.

ಈ ಕಾಲುವೆಯನ್ನು ಕಂಪೆನಿಗೊಂದರಂತೆ ಏಕೆ ತೋಡಬೇಕು? ಒಬ್ಬರು ಅಗೆದು ಮುಚ್ಚಿದ ಬೀದಿಯನ್ನು ಇನ್ನೊಬ್ಬರು ಅಗೆಯುತ್ತಾರೆ. ಅಗೆಯುವಾಗ ಮೊದಲಿನವರ ಕೇಬಲ್ಲನ್ನೂ ಕತ್ತರಿಸುತ್ತಾರೆ. ಹೊಂದಾಣಿಕೆಯಿಲ್ಲದ ಇಂಥ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು 2023ರಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಆ ನಷ್ಟ ಕೊನೆಗೆ ಬೀಳುವುದು ರೀಚಾರ್ಜ್ ಮಾಡಿಸುವವನ ಜೇಬಿನ ಮೇಲೆ.

ಸ್ಪರ್ಧೆಯ ಮಾತು ಬೇಡ. ಪೈಪೋಟಿಯಲ್ಲಿದ್ದ ಭಾರ್ತಿ, ವೊಡಾಫೋನ್, ಐಡಿಯಾ ಕಂಪೆನಿಗಳು 2007ರಲ್ಲಿ ಕೂಡಿ ಇಂಡಸ್ ಟವರ್ಸ್ ಕಟ್ಟಿದುವು. ಟವರಿನ ವಿಷಯದಲ್ಲಿ ಆದುದು ಕೇಬಲ್ಲಿನ ವಿಷಯದಲ್ಲೇಕೆ ಆಗದು? ಸಾಗಣೆಯ ವ್ಯವಸ್ಥೆಯನ್ನು ಹಂಚಿಕೊಳ್ಳಲು ಸರ್ಕಾರ 2008ರಲ್ಲಿಯೇ ಅನುಮತಿ ಕೊಟ್ಟಿದೆ. ಆದರೆ ಅನುಮತಿ ಬೇರೆ, ಕಟ್ಟುಪಾಡು ಬೇರೆ.

2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಗ್ರಾಮಪಂಚಾಯಿತಿಗಳಿಗೆ ಸಾರ್ವಜನಿಕ ನಿಧಿಯಿಂದ ಕೇಬಲ್ ಹಾಕುತ್ತಿದೆ. ಅದು ಎಲ್ಲ ಕಂಪೆನಿಗಳಿಗೂ ಭೇದವಿಲ್ಲದೆ ದೊರೆಯಬೇಕೆಂಬುದೇ ಅದರ ಉದ್ದೇಶ. ಖಾಸಗಿ ಕೇಬಲ್ಲಿಗೂ ಇದೇ ನಿಯಮವಾಗಲಿ. ಸಾರ್ವಜನಿಕರ ರಸ್ತೆಯಡಿ ಮಲಗಿದ ಕೇಬಲ್ಲಿಗೆ ಸಾರ್ವಜನಿಕ ಹೊಣೆಯೂ ಇರಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಎಲ್ಲರೂ ಒಂದೇ ಕೇಬಲ್ಲನ್ನು ನೆಚ್ಚಿದರೆ, ಅದು ಕಡಿದ ದಿನ ಊರಿಗೆ ಊರೇ ಮೂಕವಾಗುತ್ತದೆ. ಆದುದರಿಂದ ಹಂಚಿಕೆಯಿಂದ ಉಳಿದ ಹಣ ಮೊದಲು ಇನ್ನೊಂದು ದಾರಿಯ ಎರಡನೆಯ ಕೇಬಲ್ಲಿಗೆ ಹೋಗಲಿ, ಷೇರುದಾರರ ಲಾಭಾಂಶಕ್ಕಲ್ಲ.

ನಾವು ಕೇಳುವುದು ಇಷ್ಟು: ಹಂಚಿಕೆ ಕಡ್ಡಾಯವಾಗಲಿ, ಅದರ ಬಾಡಿಗೆ ಬಹಿರಂಗವಾಗಲಿ, ಉಳಿತಾಯ ಗ್ರಾಹಕನ ದರದಲ್ಲಿ ಕಾಣಲಿ. ಖರ್ಚನ್ನು ಹಂಚಿಕೊಂಡು ಲಾಭವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುವ ಹಂಚಿಕೆ ನಮಗೆ ಬೇಡ.