ಆಟದ ಕಂಪ್ಯೂಟರಿಗೆ ಲಕ್ಷ ರೂಪಾಯಿ ಬೇಕೇ?

 

ಕಂಪ್ಯೂಟರಿನಲ್ಲಿ ದೊಡ್ಡ ಆಟ ಆಡಬೇಕಾದರೆ ಲಕ್ಷ ರೂಪಾಯಿ ಬೇಕು, ಅದೆಲ್ಲಾ ಪೇಟೆಯವರಿಗೆ ಅಂತ ನಮ್ಮ ತರಗತಿಯಲ್ಲಿ ಬಹಳ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಎಪ್ಪತ್ತು ಸಾವಿರದ ಆಸುಪಾಸಿನಲ್ಲಿ ಒಳ್ಳೆಯದೇ ಬರುತ್ತದೆ. ಆದರೆ ಗೊತ್ತಿಲ್ಲದೆ ಹೋದರೆ ಅದೇ ದುಡ್ಡಿಗೆ ಕೆಲಸಕ್ಕೆ ಬಾರದ್ದನ್ನೂ ಹೊತ್ತುಕೊಂಡು ಬರಬಹುದು.

ನಮ್ಮ ಮನೆಯಲ್ಲಿ ಈಗ ಇದೇ ಮಾತು ನಡೀತಾ ಇದೆ. ಅಣ್ಣ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದಾನೆ. ಎರಡು ಬೆಳೆ ರೇಷ್ಮೆ ಗೂಡಿನ ದುಡ್ಡಿನಲ್ಲಿ ಚಾಕಿ ಹುಳ, ಔಷಧಿ, ಕೂಲಿ ಎಲ್ಲಾ ಕಳೆದು ಅಪ್ಪ 70,000 ರೂಪಾಯಿ ಎತ್ತಿಟ್ಟಿದ್ದಾರೆ. ಅಣ್ಣನಿಗೆ ಡ್ರಾಯಿಂಗ್ ಕಲಿಯಲು ಕಂಪ್ಯೂಟರ್ ಬೇಕು, ಭಾನುವಾರ ಆಟಕ್ಕೂ ಬೇಕು. (ಆಟಕ್ಕೆ ಅಣ್ಣನಿಗಿಂತ ನನಗೇ ಜಾಸ್ತಿ ಬೇಕು. ಹುಡುಗಿಗೆ ಯಾಕೆ ಅಂತ ಕೇಳುವವರು ಒಂದು ಸಲ ನನ್ನ ಜೊತೆ ಆಡಿ ನೋಡಲಿ.)

ಹೋದ ತಿಂಗಳು ಒಂದು ಅಂಗಡಿಯವರು ಚೀಟಿ ಬರೆದುಕೊಟ್ಟರು. ಐ7 ಪ್ರೊಸೆಸರ್, 4 ಜಿಬಿ ಗ್ರಾಫಿಕ್ಸ್ ಕಾರ್ಡು, ಗಾಜಿನ ಡಬ್ಬ, ಬಣ್ಣ ಬಣ್ಣದ ದೀಪದ ಫ್ಯಾನು ಆರು. ಎಲ್ಲಾ ಸೇರಿ 48,000. ಅಪ್ಪನಿಗೆ ತುಂಬಾ ಇಷ್ಟ ಆಯಿತು. ಐ5 ಗಿಂತ ಐ7 ದೊಡ್ಡದು ತಾನೇ, ಮೇಲೆ 22,000 ಉಳಿಯುತ್ತಲ್ಲ ಅಂದರು. ಅಣ್ಣ ಫೋನ್ ಮಾಡಿ ಯಾವ ಐ7 ಅಂತ ಕೇಳಿದ. ಐ7-2600 ಅಂದರು. ಅದು ಬಂದಿದ್ದು 2011ರಲ್ಲಿ, ಆಗ ನಾನು ಹುಟ್ಟೇ ಇರಲಿಲ್ಲ! 2022ರಲ್ಲಿ ಬಂದ ಐ5-12400 ಅದಕ್ಕಿಂತ ಎಷ್ಟೋ ಪಾಲು ಜೋರು. ಹಳೇ ಐ7 ಗೆ ವಿಂಡೋಸ್ 11 ಕಂಪನಿಯ ಪ್ರಕಾರ ಹೊಂದುವುದಿಲ್ಲ. ವಿಂಡೋಸ್ 10 ಗೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಗಿದೆ. ಆದ್ದರಿಂದ ಐ ಆದ ಮೇಲಿನ ಒಂದು ಅಂಕಿ ನೋಡಿದರೆ ಸಾಲದು, ಅದರ ಮುಂದೆ ಇರುವ ನಂಬರು ಪೂರ್ತಿ ಓದಬೇಕು.

ಇನ್ನು ಆ 4 ಜಿಬಿ ಕಾರ್ಡಿನ ವಿಷಯ. ಇದೇ ನನಗೆ ಹೆಚ್ಚು ಸಿಟ್ಟು ತಂದದ್ದು. ಅದನ್ನು ಹೇಳುವ ಮೊದಲು ಒಂದು ಲೆಕ್ಕ ಮಾಡೋಣ. ಮಾಮೂಲಿ ಕಂಪ್ಯೂಟರ್ ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕೆ, ಉದ್ದಕ್ಕೆ 1080 ಚುಕ್ಕೆ ಇರುತ್ತವೆ. ಗುಣಿಸಿದರೆ 20,73,600. ಆಟ ಸಲೀಸಾಗಿ ಓಡಬೇಕಾದರೆ ಒಂದು ಸೆಕೆಂಡಿಗೆ 60 ಸಲ ಚಿತ್ರ ಬರೆಯಬೇಕು. ಅಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗೂ ಹೆಚ್ಚು! ಪ್ರೊಸೆಸರ್ ಅಂದರೆ ಮೇಸ್ತ್ರಿ ಇದ್ದ ಹಾಗೆ. ಬಹಳ ಜಾಣ, ಆದರೆ ಕೈ ಕಡಿಮೆ. ಐ5-12400 ನಲ್ಲಿ ಇರುವುದು 6 ಕೋರ್. ಗ್ರಾಫಿಕ್ಸ್ ಕಾರ್ಡು ಅಂದರೆ ಆಳುಗಳು. ಆರ್‌ಟಿಎಕ್ಸ್ 4060 ಎಂಬ 2023ರ ಕಾರ್ಡಿನಲ್ಲಿ 3072 ಸಣ್ಣ ಸಣ್ಣ ಕೋರ್ ಇವೆ. ಮೇಸ್ತ್ರಿ ಎಷ್ಟೇ ಜಾಣ ಆದರೂ ಆಳಿಲ್ಲದೆ ನಾಟಿ ಮುಗಿಯುತ್ತಾ?

ಅಂಗಡಿಯವರ 4 ಜಿಬಿ ಕಾರ್ಡು ಜಿಟಿ 730. ಅದು 2014ರದು, ಅದರಲ್ಲಿ 384ಕ್ಕಿಂತ ಹೆಚ್ಚು ಕೋರ್ ಇಲ್ಲ. ಜಿಬಿ ಎಂಬುದು ಕಣಜದ ಅಳತೆ, ಆಳಿನ ಅಳತೆ ಅಲ್ಲ. ಕಣಜ ದೊಡ್ಡದಿದ್ದ ಮಾತ್ರಕ್ಕೆ ಕುಯ್ಲು ಬೇಗ ಆಗುವುದಿಲ್ಲ. ಇದನ್ನು ಅಪ್ಪನಿಗೆ ಹೀಗೇ ಹೇಳಿದೆ, ಬೇಗ ಅರ್ಥ ಆಯಿತು.

ಆದ್ದರಿಂದ ನನ್ನ ಅಭಿಪ್ರಾಯ ಏನೆಂದರೆ, ಪರದೆ ಮತ್ತು ಯುಪಿಎಸ್ ದುಡ್ಡು ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. 2021ರಲ್ಲಿ ಬಂದ ಆರ್‌ಎಕ್ಸ್ 6600 ತರಹದ 8 ಜಿಬಿ ಕಾರ್ಡು ನಮ್ಮಂಥವರಿಗೆ ಸಾಕು. ಪರದೆ 1080 ಇರಲಿ. 4ಕೆ ಪರದೆ ತಂದರೆ ಚುಕ್ಕೆ ನಾಲ್ಕು ಪಟ್ಟು, ಕಾರ್ಡಿಗೆ ಕೆಲಸವೂ ಅಷ್ಟೇ ಏರುತ್ತದೆ. ರ್ಯಾಮ್ 16 ಜಿಬಿ ಇರಲಿ, ಅದೂ 8 ರ ಎರಡು ಪಟ್ಟಿ. ಒಂದೇ ಪಟ್ಟಿಗಿಂತ ಎರಡು ಪಟ್ಟಿ ಚುರುಕು. 2025ರ ಕೊನೆಯಲ್ಲಿ ರ್ಯಾಮ್ ಬೆಲೆ ಬಹಳ ಏರಿತು, ಆದ್ದರಿಂದ 32 ಬೇಕೆಂದು ಹಟ ಮಾಡಬೇಡಿ. ಎಸ್‌ಎಸ್‌ಡಿ ಬೇಕೇ ಬೇಕು, ಆಟ ಬೇಗ ತೆರೆಯುತ್ತದೆ.

ಎಲ್ಲರಿಗೂ ಕಾರ್ಡು ಬೇಕು ಅಂತಲೂ ಅಲ್ಲ. ಮೈನ್‌ಕ್ರಾಫ್ಟ್, ವ್ಯಾಲೊರೆಂಟ್ ಸಾಕು ಅನ್ನುವವರು ರೈಜನ್ 5 5600ಜಿ ತರಹದ್ದು ತಗೊಳ್ಳಿ. ಅದರೊಳಗೇ ಸಣ್ಣ ಗ್ರಾಫಿಕ್ಸ್ ಇದೆ. ದುಡ್ಡು ಕೂಡಿದಾಗ ಕಾರ್ಡು ಹಾಕಿಸಬಹುದು. ಆದರೆ ಇಂಟೆಲ್‌ನಲ್ಲಿ 12400ಎಫ್ ಅಂತ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡು ಇಲ್ಲದೆ ಅದನ್ನು ತಂದರೆ ಪರದೆ ಕಪ್ಪಗೇ ಇರುತ್ತದೆ.

ಪೇಟೆಯವರು ಹೇಳದ ಒಂದು ಮಾತು ಕರೆಂಟಿನದು. ನಮ್ಮೂರಲ್ಲಿ ತ್ರೀಫೇಸ್ ಬಂತೆಂದರೆ ಪಂಪುಗಳೆಲ್ಲಾ ಒಟ್ಟಿಗೆ ಶುರು ಆಗಿ ಬಲ್ಬೇ ಮಂಕಾಗುತ್ತದೆ. ಅದಕ್ಕೇ ಎಸ್‌ಎಂಪಿಎಸ್ ಎಂಬ ಕರೆಂಟಿನ ಡಬ್ಬದಲ್ಲಿ ಜಿಪುಣತನ ಮಾಡಬಾರದು, ಅದು ಕೆಟ್ಟರೆ ಬೇರೆ ಭಾಗವನ್ನೂ ಸುಡಬಹುದು. ಯುಪಿಎಸ್ ಮೇಲೆ 600 ವಿಎ ಅಂತ ಬರೆದಿದ್ದರೂ ಸಾಮಾನ್ಯವಾಗಿ ಅದು ತಡೆಯುವುದು 360 ವ್ಯಾಟ್ ಮಾತ್ರ. ಆಟದ ಕಂಪ್ಯೂಟರಿಗೆ 1000 ವಿಎ ಇದ್ದರೆ ಧೈರ್ಯ. ಅದೂ ಕೆಲವು ನಿಮಿಷಕ್ಕೆ, ಆಟ ಉಳಿಸಿ ಆರಿಸುವಷ್ಟು. ಕರೆಂಟ್ ಹೋದ ಮೇಲೂ ಆಡುತ್ತಾ ಕೂರುವುದಕ್ಕಲ್ಲ. ಬಣ್ಣದ ದೀಪದ ಆರು ಫ್ಯಾನಿನ ಬದಲು ಆ ದುಡ್ಡು ಇಲ್ಲಿ ಹಾಕಿ. ದೀಪದಿಂದ ಆಟ ಒಂದು ಚೂರೂ ಜೋರಾಗುವುದಿಲ್ಲ.

ಆಟಕ್ಕೆ ಇಷ್ಟು ದುಡ್ಡು ಯಾಕೆ, ಪುಸ್ತಕ ತಗೊಳ್ಳಿ ಅಂತ ನಮ್ಮ ಗುರುಗಳು ಹೇಳಬಹುದು. ಗೌರವದಿಂದಲೇ ಹೇಳುತ್ತೇನೆ, ಆಟದ ಚಿತ್ರ ಬರೆಯುವ ಕಾರ್ಡೇ ಅಣ್ಣನ ಡ್ರಾಯಿಂಗಿನಲ್ಲಿ ಗೇರ್‌ ಚಕ್ರವನ್ನು ಎಲ್ಲಾ ಕಡೆಯಿಂದ ತಿರುಗಿಸಿ ತೋರಿಸುತ್ತದೆ. ದುಡ್ಡು ಕಟ್ಟಿ ಆಡುವ ಮೊಬೈಲ್ ಆಟ ಬೇರೆ. ಅದನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಒಳ್ಳೆಯದೇ ಆಯಿತು. ನಾನು ಹೇಳುತ್ತಿರುವುದು ಆ ಆಟ ಅಲ್ಲ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಇದ್ದರೆ ಎರಡು ಮೂರು ಅಂಗಡಿ ಕೇಳಿ, ಪ್ರತಿಯೊಂದು ಭಾಗದ ಪೂರ್ತಿ ಹೆಸರು, ನಂಬರು, ವಾರಂಟಿ ವರ್ಷ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೀ "ಗೇಮಿಂಗ್ ಪಿಸಿ 1" ಅಂತ ಬರೆದ ಬಿಲ್ಲು ಬೇಡ. ಯಾರ ಮನೆಗಾದರೂ ಚೀಟಿ ಬಂದಿದ್ದರೆ ಇಂಟರ್‌ವಲ್‌ನಲ್ಲಿ ತಂದು ತೋರಿಸಿ, ಅಣ್ಣನ ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇದೆ.

– 7ನೇ ತರಗತಿಯ ವಿದ್ಯಾರ್ಥಿನಿ