ಮೂಗು ಸೋತಲ್ಲಿ ನೂಲು

ಕೊಳೆತ ಮೊಟ್ಟೆಯ ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಬಲು ಕಪಟಿಯಾದ ಅನಿಲ. ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಅದು ಮೂಗಿಗೆ ತಟ್ಟನೆ ತಿಳಿಯುತ್ತದೆ. ಪ್ರಮಾಣವೇರಿ ಪ್ರಾಣಕ್ಕೆ ಕುತ್ತು ಬರುವ ವೇಳೆಗೆ ಘ್ರಾಣಶಕ್ತಿಯನ್ನೇ ಅಡಗಿಸಿಬಿಡುತ್ತದೆ. ನಾತ ಹೋಯಿತೆಂದು ನಂಬಿ ಒಳಚರಂಡಿಗೆ ಮತ್ತೊಂದು ಮೆಟ್ಟಿಲಿಳಿದವನು ಮೇಲೇರಿ ಬಾರದೆ ಹೋಗಬಹುದು. ಇಂಥಲ್ಲಿ ಎಚ್ಚರ ಹೇಳುವವರು ಯಾರು?

ಪ್ಲಾಸ್ಟಿಕ್ಕಿನ ನೂಲು ಹೇಳಬಲ್ಲದು! ಪ್ಲಾಸ್ಟಿಕ್ಕೆಂದರೆ ವಿದ್ಯುತ್ತನ್ನು ತಡೆಯುವ ವಸ್ತುವೆಂದೇ ನಾವು ಬಲ್ಲೆವು. ಮನೆಯ ತಂತಿಗಳಿಗೆ ಅದನ್ನು ಹೊದಿಸಿರುವುದೂ ಅದಕ್ಕಾಗಿಯೇ. ಆದರೆ ಪಾಲಿಅಸಿಟಿಲೀನ್ ಎಂಬ ಪಾಲಿಮರಿಗೆ ಅಯೋಡೀನಿನ ಆವಿ ತಾಕಿದರೆ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದೆಂದು 1977ರಲ್ಲಿ ಷಿರಾಕಾವಾ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ತೋರಿಸಿಕೊಟ್ಟರು. 2000ದಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಇದೇ ಕುಲದ ಪಾಲಿಅನಿಲೀನಿನ ಗುಣ ಇನ್ನೂ ಸ್ವಾರಸ್ಯವಾದುದು. ಆಮ್ಲದ ಆವಿ ಸೋಕಿದರೆ ಅದು ವಿದ್ಯುತ್ತಿಗೆ ದಾರಿ ಬಿಡುತ್ತದೆ; ಅಮೋನಿಯ ಸೋಕಿದರೆ ದಾರಿ ಕಟ್ಟುತ್ತದೆ. ಹಾಳೆಯಂತೆ ಹರಡಿದಾಗ ಮಾತ್ರ ಆವಿ ಒಳಕ್ಕಿಳಿಯುವುದು ತಡವಾಗುತ್ತಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಕೇನರ್ ಮತ್ತು ಹ್ವಾಂಗ್ ಇದಕ್ಕೊಂದು ಉಪಾಯ ಕಂಡರು. ನೀರಿನೊಡನೆ ಬೆರೆಯದ ದ್ರಾವಕದಲ್ಲಿ ಅನಿಲೀನನ್ನೂ, ಆಮ್ಲಯುಕ್ತ ನೀರಿನಲ್ಲಿ ಉತ್ಕರ್ಷಕವನ್ನೂ ಕರಗಿಸಿ, ಎರಡನ್ನೂ ಒಂದರ ಮೇಲೊಂದು ನಿಲ್ಲಿಸಿದರು. ಅವು ಸಂಧಿಸುವೆಡೆಯಲ್ಲಿ ಹಸುರು ಎಳೆಗಳು ಹುಟ್ಟಿ ನೀರಿನೊಳಕ್ಕೆ ಹಬ್ಬಿದವು. ಎಳೆಯ ದಪ್ಪ ಸುಮಾರು 30ರಿಂದ 50 ನ್ಯಾನೋಮೀಟರ್. ನಮ್ಮ ತಲೆಗೂದಲು ಅದರ ಸಾವಿರ ಪಾಲಿಗೂ ಮಿಗಿಲು ದಪ್ಪ! ಇಂಥ ನೂಲಿನ ಪದರದಲ್ಲಿ ಪ್ರತಿಯೊಂದು ಎಳೆಗೂ ಆವಿ ಬೇಗನೆ ತಲುಪುತ್ತದೆ.

ಆದರೆ ಹೈಡ್ರೋಜನ್ ಸಲ್ಫೈಡು ತೀರ ದುರ್ಬಲವಾದ ಆಮ್ಲ. ಅದರ ಸ್ಪರ್ಶಕ್ಕೆ ನೂಲು ಅಷ್ಟಾಗಿ ಓಗೊಡದು. ಆದುದರಿಂದ ನೂಲಿಗೆ ತಾಮ್ರದ ಕ್ಲೋರೈಡಿನಂಥ ಲವಣವನ್ನು ಬೆರೆಸಿದರು. ವಿಷಾನಿಲವು ಲವಣವನ್ನು ಸಲ್ಫೈಡಾಗಿ ಮಾರ್ಪಡಿಸುವಾಗ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ನೂಲು ಅದನ್ನು ಗುರುತಿಸುತ್ತದೆ; ವಿದ್ಯುತ್ತು ಏರುತ್ತದೆ. ಕಳ್ಳನ ಕೈಯಿಂದಲೇ ಗಂಟೆ ಬಾರಿಸಿದಂತಾಯಿತು!

ಗಾಳಿಯ ತೇವವೂ ಪಾಲಿಅನಿಲೀನಿನ ವಿದ್ಯುದ್ವಾಹಕತೆಯನ್ನು ಬದಲಿಸುವುದರಿಂದ, ಒದ್ದೆ ಚರಂಡಿಯಲ್ಲಿ ಅದರ ಮಾತನ್ನು ಜೋಕೆಯಿಂದ ಕೇಳಬೇಕು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೂ ಮಲಗುಂಡಿಗೂ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮನೆಯ ಗುಂಡಿ ಕಟ್ಟಿಕೊಂಡಾಗ ಆಳನ್ನು ಅರಸುವ ಗೃಹಸ್ಥರು ಇದನ್ನು ಮರೆಯಲಾಗದು. ವಾಸನೆ ಇಲ್ಲವೆಂಬುದು ಅಪಾಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.